ಮೇಷ್ಟ್ರ ಮುಕ್ತ ರಾಷ್ಟ್ರ

ಶಾಲೆಯ ಇಪ್ಪತ್ತು ಕಂಪ್ಯೂಟರುಗಳು ಒಂದೇ ಬೆಳಿಗ್ಗೆ ಮುಷ್ಕರ ಹೂಡಿದವು. ಪರವಾನಗಿ ಮುಗಿದಿದೆ, ನವೀಕರಿಸಿ, ಇಲ್ಲದಿದ್ದರೆ ನಮ್ಮ ತಂಟೆಗೆ ಬರಬೇಡಿ ಎಂದು ಇಪ್ಪತ್ತು ಪರದೆಗಳೂ ಒಕ್ಕೊರಲಿನಿಂದ ಸಾರಿದವು. ಮಿಕ್ಕವರೆಲ್ಲ ಕೈ ಕೈ ಹಿಸುಕಿಕೊಂಡರು. ಭೂಗೋಳದ ಮೇಷ್ಟ್ರು ಮಾತ್ರ ಗೋಡೆಯ ಮೇಲಿನ ದೇಶದ ನಕ್ಷೆ ನೋಡುತ್ತಾ ನಿಂತುಬಿಟ್ಟರು. ಅವರು ಹಾಗೆ ನಿಂತರೆಂದರೆ ಕನಸು ಶುರುವಾಯಿತೆಂದೇ ಲೆಕ್ಕ. (ಹಾಗೆ ನಿಂತೇ ಅವರು ಎಷ್ಟೋ ಸಲ ಹಾಲು ಉಕ್ಕಿಸಿದ್ದಾರೆ, ಒಂದು ಸಲ ತಮ್ಮದೇ ಮದುವೆಗೆ ತಡವಾಗಿ ಹೋಗಿದ್ದಾರೆ.)

ನೋಡನೋಡುತ್ತ ನಕ್ಷೆಯ ನದಿಗಳೆಲ್ಲ ತಂತಿಗಳಾದವು. ಊರೂರಲ್ಲಿ ಒಂದೊಂದು ದೀಪ ಹೊತ್ತಿತು. ಬೀಗವಿಲ್ಲದ ತಂತ್ರಾಂಶ! ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದ ಮನೆಗೂ ಕೊಡಬಹುದು. ಇಡೀ ದೇಶ ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಕೂತಿದೆ. ನಡುವೆ ಒಂದು ಎತ್ತರದ ಕುರ್ಚಿ. ಅದರಲ್ಲಿ ಯಾರು ಕೂತಿದ್ದರೆಂದು ಮೇಷ್ಟ್ರು ಸಂಕೋಚದಿಂದ ಯಾರಿಗೂ ಹೇಳಲಿಲ್ಲ.

ಶುಭಕಾರ್ಯ ಮನೆಯಿಂದಲೇ ಮೊದಲಾಗಲಿ ಎಂದು ಅಂದು ಸಂಜೆಯೇ ಮನೆಯ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಹೊಸ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಆ ಕಂಪ್ಯೂಟರು ಹೆಸರಿಗೆ ಮೇಷ್ಟ್ರದು, ಕೆಲಸಕ್ಕೆ ಹೆಂಡತಿಯದು. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವಳು. ಬಟ್ಟೆಯ ನಮೂನೆಗಳನ್ನು ಅದರಲ್ಲೇ ಬರೆದು, ಕಾಗದದ ಮೇಲೆ ಅಚ್ಚು ಹಾಕಿ ಕತ್ತರಿಸುತ್ತಿದ್ದಳು. ನಾಟಕದವರ ನಲವತ್ತು ಉಡುಪು ಹತ್ತು ದಿನದಲ್ಲಿ ಕೊಡಬೇಕಿತ್ತು.

"ಏನ್ರೀ ಇದು? ನನ್ನದೆಲ್ಲ ಎಲ್ಲಿ ಹೋಯ್ತು?"

"ಹೋಗಿಲ್ಲ ಕಣೇ, ಮುಕ್ತವಾಯ್ತು."

"ಮುಕ್ತವಾಯ್ತೋ, ಮುಕ್ತಿ ಕಂಡಿತೋ?"

"ಅಳತೆಗಳನ್ನೆಲ್ಲ ನಕಲು ಮಾಡಿಟ್ಟಿದ್ದೀನಿ. ನಮೂನೆ ಬರೆಯೋ ಹೊಸ ತಂತ್ರಾಂಶಾನೂ ಹಾಕಿದ್ದೀನಿ. ದೇಶಕ್ಕೋಸ್ಕರ ಸ್ವಲ್ಪ ತ್ಯಾಗ ಬೇಡ್ವೇ?"

"ತ್ಯಾಗ ಮಾಡೋದಾದ್ರೆ ನಿಮ್ಮ ವಸ್ತು ಮಾಡಿ. ನನ್ನದ್ಯಾಕೆ?"

ಹಲ್ಲು ಕಚ್ಚಿಕೊಂಡೇ ಆಕೆ ಭಾನುವಾರ ನಾಟಕದ ರಾಜನ ಕೋಟಿನ ನಮೂನೆ ಅಚ್ಚು ಹಾಕಿದಳು. ಹೊರಗೆ ಬಂದ ಕೋಟು ಮೊಳದುದ್ದವೂ ಇರಲಿಲ್ಲ.

"ಈ ರಾಜನಿಗೆ ಹಾಲು ಕುಡಿಸಿ, ತೊಟ್ಟಿಲಲ್ಲಿ ಹಾಕಿ ತೂಗ್ಬೇಕು, ಅಷ್ಟೆ," ಎಂದು ಕಾಗದವನ್ನು ಗಂಡನ ಮೂಗಿಗೆ ಹಿಡಿದಳು.

"ಅದೆಲ್ಲ ಚಿಲ್ಲರೆ ವಿಷಯ, ಆಮೇಲೆ ನೋಡೋಣ. ಒಳಗೆ ಬೀಗವಿಲ್ಲದ ತಂತ್ರಾಂಶದ ರಾಷ್ಟ್ರೀಯ ಸಂಘದ ಸ್ಥಾಪನಾ ಸಭೆ ನಡೀತಿದೆ," ಎಂದು ಮೇಷ್ಟ್ರು ನಡುಮನೆಗೆ ಜಾರಿಕೊಂಡರು.

ರಾಷ್ಟ್ರವೆಂದರೆ ಸದ್ಯಕ್ಕೆ ಮೂವರು: ಮೇಷ್ಟ್ರು, ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು, ಬೀದಿ ಕೊನೆಯ ಫೋಟೋ ಸ್ಟುಡಿಯೋದವರು. ಸಂಘದ ಹೆಸರು 'ಮುಕ್ತ' ಎಂದಿರಬೇಕೆಂದು ಮೇಷ್ಟ್ರು, 'ಸ್ವತಂತ್ರ' ಎಂದಿರಬೇಕೆಂದು ಪೋಸ್ಟ್ ಮಾಸ್ಟರು. ಫೋಟೋದವರು ಯಾರು ಕೊನೆಗೆ ಮಾತಾಡಿದರೋ ಅವರ ಕಡೆ. ಮೂರು ಭಾನುವಾರ ಹೆಸರಿನ ಮೊದಲ ಪದವೂ ಇತ್ಯರ್ಥವಾಗಲಿಲ್ಲ. ನಾಲ್ಕನೆಯ ಭಾನುವಾರ ಪೋಸ್ಟ್ ಮಾಸ್ಟರು ಸಂಘದಿಂದ ಸ್ವತಂತ್ರರಾಗಿ ಹೊರಟುಹೋದರು. ಅವರು ಮನೆಯಿಂದ ತಂದಿದ್ದ ಕುರ್ಚಿಯೂ ಜೊತೆಗೇ ಹೋಯಿತು.

ಇತ್ತ ಹೆಂಡತಿ, ಮೊದಲ ಸಭೆಯ ದಿನವೇ, ಆ ಹೊಸ ತಂತ್ರಾಂಶದ ಬಳಕೆದಾರರು ಪ್ರಶ್ನೆ ಕೇಳುವ ಜಾಗ ಹುಡುಕಿ ಬರೆದಿದ್ದಳು: "ನಮ್ಮ ರಾಜನಿಗೆ ಕೂಸಿನ ಕೋಟು ಬರ್ತಿದೆ. ಯಾರಾದ್ರೂ ಇದ್ದೀರಾ?"

ಅರ್ಧ ಗಂಟೆಯಲ್ಲಿ ದೇಶದ ಇನ್ನೊಂದು ಮೂಲೆಯಿಂದ ಡೇರೆ ಹೊಲಿಯುವವಳೊಬ್ಬಳ ಉತ್ತರ: "ಅಕ್ಕಾ, ಅದು ನಿಮ್ಮ ಇಂಚನ್ನ ಸೆಂಟಿಮೀಟರ್ ಅಂತ ಓದ್ತಿದೆ. ಇಲ್ಲಿ ಒತ್ತಿ."

ಒತ್ತಿದಳು. ರಾಜ ಆಳೆತ್ತರ ಬೆಳೆದ. ನಲವತ್ತು ಉಡುಪೂ ಹೇಳಿದ ದಿನಕ್ಕೆ ಹೋದವು.

ಮರುದಿನ ಚಪ್ಪಲಿ ಹೊಲಿಯುವವನೊಬ್ಬ ಅದೇ ಪ್ರಶ್ನೆ ಕೇಳಿದ. ಅಕ್ಕ ಹೇಳಿಕೊಟ್ಟಳು. ಅವನು ಬಡಗಿಗೆ ಹೇಳಿಕೊಟ್ಟ. ತಂತ್ರಾಂಶದ ಆಯ್ಕೆಗಳು ಅರ್ಥವಾಗುವುದಿಲ್ಲವೆಂದು ಎಲ್ಲರೂ ಗೊಣಗಿದಾಗ, ಅಕ್ಕ ಒಂದೊಂದಕ್ಕೂ ಮನೆಮಾತು ಕೊಟ್ಟಳು. ಕೆಲಸ ಉಳಿಸುವುದು 'ಎತ್ತಿಡು', ತಪ್ಪು ಅಳಿಸಿ ಹಿಂದೆ ಹೋಗುವುದು 'ಹೊಲಿಗೆ ಬಿಚ್ಚು', ಯಂತ್ರ ಮಧ್ಯದಲ್ಲಿ ಕೈಕೊಟ್ಟರೆ 'ದಾರ ಕಡಿಯಿತು'. (ಮೇಷ್ಟ್ರು ಸಂಘಕ್ಕೆಂದು ಸಿದ್ಧಪಡಿಸಿದ್ದ ಪದ 'ಪೂರ್ವಸ್ಥಿತಿ ಪುನಃಪ್ರತಿಷ್ಠಾಪನೆ'. ಅದನ್ನು ಒತ್ತುವಷ್ಟರಲ್ಲಿ ತಪ್ಪು ಮಾಡಿದ್ದೇ ಮರೆತುಹೋಗುತ್ತಿತ್ತು.) ಆರು ತಿಂಗಳಲ್ಲಿ ಗುಂಪಿನಲ್ಲಿ ನಾಲ್ಕು ಸಾವಿರ ಜನ. ಮನೆಯಲ್ಲಿ ಅದು ಗೊತ್ತಿಲ್ಲದವರು ಒಬ್ಬರೇ. ಅವರು ನಿಯಮಾವಳಿಯ ಹನ್ನೊಂದನೇ ಕಲಂ ತಿದ್ದುತ್ತಿದ್ದರು.

ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ಮೆಟ್ಟಿಲ ತುಂಬ ಚೀಲ ಹೊತ್ತ ಜನ! ತಮ್ಮ ಕರೆಗೆ ದೇಶ ಓಗೊಟ್ಟಿತೆಂದು ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಕೈ ಮುಗಿದರು. "ಮಹನೀಯರೇ, ಈ ಐತಿಹಾಸಿಕ ಗಳಿಗೆಯಲ್ಲಿ..."

"ಅಕ್ಕ ಇದ್ದಾರಾ?" ಎಂದಳು ಮುಂದೆ ನಿಂತವಳು. ಅವಳೇ ಡೇರೆಯವಳು. "ನೀವು ಹೊಸಬರಾ? ಏನು ಹೊಲೀತೀರಿ?"

"ನಾನು... ರಾಷ್ಟ್ರೀಯ ಸಂಚಾಲಕ."

"ಅದನ್ನ ಯಾವ ದಾರದಲ್ಲಿ ಹೊಲೀತಾರೆ?"

ಒಳಗಿಂದ ಹೆಂಡತಿ ಬಂದು ಕಾಪಾಡಿದಳು. "ಅವರಿಗೆ ಭೂಗೋಳ ಚೆನ್ನಾಗಿ ಗೊತ್ತು. ಸಂಜೆ ನಿಮ್ಮನ್ನೆಲ್ಲ ಅವರವರ ಬಸ್ಸಿಗೆ ಹತ್ತಿಸ್ತಾರೆ."

ಮೇಷ್ಟ್ರ ಮುಖ ಸಪ್ಪಗಾಯಿತು. ಆದರೂ ಬಾಗಿಲ ಬಳಿ ನಿಂತು ದಿನವಿಡೀ ನೋಡಿದರು. ಕೋಣೆಯಲ್ಲಿ ಕುರ್ಚಿ ಸಾಲದೆ ಎಲ್ಲರೂ ನೆಲದ ಮೇಲೆ ಕೂತು, ಒಬ್ಬರ ತೊಡೆಯ ಮೇಲಿನ ಯಂತ್ರಕ್ಕೆ ಇನ್ನೊಬ್ಬರು ಬಾಗಿ, ನಗುತ್ತಾ ಬಿಚ್ಚುತ್ತಿದ್ದರು, ಸೇರಿಸುತ್ತಿದ್ದರು. ತಾವು ಕಂಡದ್ದು ಇದನ್ನೇ ಅಲ್ಲವೇ ಅನ್ನಿಸಿ, ಮೇಷ್ಟ್ರ ಕಣ್ಣು ಸುಮ್ಮನೆ ತುಂಬಿಬಂತು.

ಸಂಜೆ ಬಸ್ ನಿಲ್ದಾಣದಲ್ಲಿ ಒಬ್ಬೊಬ್ಬರನ್ನೇ ಹತ್ತಿಸಿದರು. ಕೊನೆಯ ಬಸ್ಸಿನಲ್ಲಿ ಬಡಗಿಯ ಚೀಲ ಮೇಲಿಡಲು ತಾವೂ ಹತ್ತಿ, ಸಂಜೆಗೆಂಪಿನಲ್ಲಿ ದಿಕ್ಕುದಿಕ್ಕಿಗೆ ಹೊರಟ ಬಸ್ಸುಗಳನ್ನು ಕಂಡು ಹಾಗೇ ನಿಂತುಬಿಟ್ಟರು. ಕಂಡಕ್ಟರ್ ಸೀಟು ತೋರಿಸಿದಾಗ ಕೂತೂಬಿಟ್ಟರು. ಬಡಗಿ ತನ್ನೂರಲ್ಲಿ ಇಳಿಯುವಾಗ, "ನೀವಿನ್ನೂ ಮುಂದಕ್ಕಾ?" ಎಂದು ಕೇಳಿದ. ಮೇಷ್ಟ್ರು ಮುಗುಳ್ನಕ್ಕು ತಲೆಯಾಡಿಸಿದರು. ಎಚ್ಚರವಾಗಿದ್ದು ಫೋನ್ ಹೊಡೆದುಕೊಂಡಾಗ.

"ಎಲ್ಲಿದ್ದೀರಿ?"

ಹೊರಗೆ ಅಪರಿಚಿತ ಬಯಲು. "ಗೊತ್ತಾಗ್ತಿಲ್ಲ ಕಣೇ."

"ಭೂಗೋಳದ ಮೇಷ್ಟ್ರು!" ಎಂದು ಆಕೆ ಉಸಿರುಬಿಟ್ಟಳು. "ತಾಳಿ, ಗುಂಪಿನಲ್ಲಿ ಕೇಳ್ತೀನಿ."

ಮುಂದಿನ ನಿಲ್ದಾಣದಲ್ಲಿ ಒಬ್ಬ ಮುದುಕ ನೇರವಾಗಿ ಬಸ್ಸು ಹತ್ತಿ ಬಂದು ಮೇಷ್ಟ್ರ ತೋಳು ಹಿಡಿದ. ಗುಂಪಿನ ಅದೇ ಚಪ್ಪಲಿ ಹೊಲಿಯುವವನು.

"ಇಷ್ಟು ಜನರಲ್ಲಿ ನನ್ನ ಗುರುತು ಹೇಗೆ ಹಿಡಿದ್ರಿ?"

"ಬಸ್ಸು ಯಾವುದಂತ ಬಡಗಿ ಹೇಳಿದ, ಗುರುತು ಅಕ್ಕ ಬರೆದಿದ್ರು. ಕನ್ನಡಕ ಹಣೆ ಮೇಲಿರುತ್ತೆ, ಮನುಷ್ಯ ಆಕಾಶ ನೋಡ್ತಿರ್ತಾರೆ ಅಂತ." ಎದುರು ನಿಂತಿದ್ದ ವಾಪಸು ಬಸ್ಸಿಗೆ ಅವರನ್ನು ಹತ್ತಿಸಿ, ಆತ ಕೆಳಗಿನಿಂದ ಕೂಗಿದ: "ಸ್ವಾಮೀ, ಕಿಟಕಿ ಪಕ್ಕ ಮಾತ್ರ ಕೂರಬೇಡಿ ಅಂತಲೂ ಹೇಳಿದ್ದಾರೆ!"