ದರ್ಜಿಯವರ ಕೊಬ್ಬು

ಅಳತೆಯ ಟೇಪಿನಷ್ಟೇ ತೆಳ್ಳಗಿದ್ದ ದರ್ಜಿಯವರಿಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಕೊಲೆಸ್ಟ್ರಾಲ್ ಬಂತು. ರಕ್ತಪರೀಕ್ಷೆಯ ಕಾಗದ ಓದಿದವಳು ಸೊಸೆ. ಮಾವನ ಕಿವಿ ಮೊದಲೇ ಮಂದ. ಸಾಲದ್ದಕ್ಕೆ ಹೊಲಿಗೆಯಂತ್ರ ಬೇರೆ ಗಡಗಡಿಸುತ್ತಿತ್ತು. ಕಿಟಕಿಯ ಗಾಜು ಅದುರುವಂತೆ ಹೇಳಬೇಕಾಯಿತು.

"ಮಾವ, ನಿಮಗೆ ಕೊಬ್ಬು ಜಾಸ್ತಿ ಆಗಿದೆ. ಮೂರು ತಿಂಗಳಲ್ಲಿ ಇಳಿಸ್ಬೇಕು."

ಯಂತ್ರ ನಿಂತಿತು. "ಮೆಲ್ಲಗೆ ಹೇಳಮ್ಮ. ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಬೆಣ್ಣೆಗೆ ಕಲ್ಲು ಬೀಳತ್ತೆ."

ತಂಗಿಯ ಮನೆಗೆ ಹೋಗಿದ್ದ ಹೆಂಡತಿ ಸಂಜೆ ಬರುವವಳಿದ್ದಳು. ಬೆಳಿಗ್ಗೆ ಎರಡು ಬ್ರೆಡ್ಡು, ಅದರ ಮೇಲೆ ಬೆರಳು ದಪ್ಪ ಬೆಣ್ಣೆ; ದರ್ಜಿಯವರಿಗೆ ಉಳಿದಿದ್ದ ಸುಖ ಅದೊಂದೇ. ಮಾತ್ರೆ ತಪ್ಪಿಸುವುದಿಲ್ಲ, ದಿನಾ ನಡೆಯುತ್ತೇನೆ, ಬೆಣ್ಣೆಯನ್ನೂ ನಾನಾಗಿಯೇ ತೆಳ್ಳಗೆ ಮಾಡುತ್ತೇನೆ, ಅತ್ತೆಗೆ ಮಾತ್ರ ಹೇಳಬೇಡ ಎಂದು ಸೊಸೆಯಿಂದ ಮಾತು ಪಡೆದರು.

ಆ ಹೊತ್ತಿಗೆ ಎದುರುಮನೆಯ ಅಕ್ಕ ಬಟ್ಟೆ ಒಣಹಾಕುತ್ತಿದ್ದರು. ಬಟ್ಟೆ ಒಣಗುವ ಮೊದಲೇ ಸುದ್ದಿ ಮೂರು ಮಹಡಿ ಹತ್ತಿ ಇಳಿಯಿತು. ಸೊಸೆ ಮಾವನಿಗೆ ಕೊಬ್ಬು ಅಂದಳಂತೆ. ಇಳಿಸ್ತೀನಿ ನೋಡು ಅಂದಳಂತೆ.

ಮಧ್ಯಾಹ್ನ ಅಕ್ಕ ಮೇಲ್ಮನೆಯ ನಿವೃತ್ತ ಹೆಡ್‌ಮಾಸ್ತರರನ್ನು ಕರೆದುಕೊಂಡು ನ್ಯಾಯ ಹೇಳಲು ಬಂದರು.

"ಏನಮ್ಮ, ಹಿರಿಯರಿಗೆ ಹೀಗನ್ನೋದಾ?" ಎಂದರು ಮಾಸ್ತರರು.

ಸೊಸೆ ಮಾವನ ಮುಖ ನೋಡಿದಳು. ಕೊಟ್ಟ ಮಾತು ಬಾಯಿಗೆ ಬೀಗ ಹಾಕಿತ್ತು.

ದರ್ಜಿಯವರು ಅಡಕತ್ತರಿಯಲ್ಲಿ ಸಿಕ್ಕಿದರು. ಕಾಗದ ತೋರಿಸಿದರೆ ಸೊಸೆಯ ಹೆಸರು ಉಳಿಯುತ್ತದೆ, ಬೆಣ್ಣೆ ಹೋಗುತ್ತದೆ. ಅಕ್ಕನ ಕಣ್ಣಿಗೆ ಬಿದ್ದದ್ದು ಹೆಂಡತಿಯ ಕಿವಿ ಮುಟ್ಟದೇ ಇರದು. ಮುಚ್ಚಿಟ್ಟರೆ ಬೆಣ್ಣೆ ಉಳಿಯುತ್ತದೆ, ಪಾಪದ ಹುಡುಗಿಗೆ ಕೆಟ್ಟ ಹೆಸರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಅವಳದೇನೂ ತಪ್ಪಿಲ್ಲ ಮಾಸ್ತರೇ. ಕೊಬ್ಬು ನನಗೇ."

"ಅಂದ್ರೆ?"

"ಕಾಫಿ ತಣ್ಣಗಿದೆ ಅಂತ ಲೋಟ ಎಸೆದೆ."

ಜೀವಮಾನದಲ್ಲಿ ಮುರಿದ ಸೂಜಿಯನ್ನೂ ಎಸೆದವರಲ್ಲ ಅವರು.

"ನೋಡೋಕೆ ಹಸುವಿನ ಹಾಗಿದ್ದೀರಿ, ಒಳಗೆ ಇಷ್ಟೆಲ್ಲ ಇದೆಯಾ?" ಎಂದು ಅಕ್ಕ ಕೆನ್ನೆಯ ಮೇಲೆ ಕೈಯಿಟ್ಟರು. ಮಾಸ್ತರರು ದರ್ಜಿಯವರನ್ನು ತರಗತಿಯಲ್ಲಿ ನಿಲ್ಲಿಸಿದಂತೆ ನಿಲ್ಲಿಸಿ, ಅವರಿಂದ ಸೊಸೆಯ ಕ್ಷಮೆ ಕೇಳಿಸಿದರು. ಸೊಸೆ ಟವಲಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅಕ್ಕ ಬೆನ್ನು ಸವರಿದರು.

ಮಾನ ಹೋದರೆ ಹೋಗಲಿ, ಬೆಣ್ಣೆ ಉಳಿಯಿತಲ್ಲ ಎಂದು ದರ್ಜಿಯವರು ನೆಮ್ಮದಿಯಾಗಿ ಒಂದು ನಿದ್ದೆ ತೆಗೆದರು.

ಸಂಜೆ ಹೆಂಡತಿ ಬಂದಳು. ಹಿಂದೆಯೇ ಅಕ್ಕ. ಬಾಗಿಲಲ್ಲೇ ಎಲ್ಲ ಒಪ್ಪಿಸಿಯಾಗಿತ್ತು.

"ಲೋಟ ಎಸೆದ್ರಂತೆ?"

"ಹೂಂ."

"ಕೂತಲ್ಲಿಗೇ ಬೆಣ್ಣೆ ಬಳಿದು ಬಳಿದು ಕೊಟ್ಟೆನಲ್ಲ, ಇನ್ನೇನಾಗತ್ತೆ? ಇದೆಲ್ಲ ತಿಂದು ಹೆಚ್ಚಾದ ಕೊಬ್ಬು." ಒಳಗಿಂದ ಬೆಣ್ಣೆಯ ಡಬ್ಬಿ ತಂದು ಅಕ್ಕನ ಕೈಗಿಟ್ಟಳು. "ತಗೊಂಡು ಹೋಗಿ. ಇನ್ಮೇಲೆ ಈ ಮನೆಗೆ ಬೆಣ್ಣೆ ಬರಲ್ಲ."

ಡಬ್ಬಿ ಹೊಸ್ತಿಲು ದಾಟುವುದನ್ನು ಕಂಡು ದರ್ಜಿಯವರಿಗೆ ತಡೆಯಲಾಗಲಿಲ್ಲ. "ಅದು ಆ ಕೊಬ್ಬಲ್ಲ ಕಣೇ," ಎಂದು ಮೊಣಕಾಲು ಹಿಡಿದುಕೊಂಡು ಎದ್ದರು.

"ಯಾವ ಕೊಬ್ಬಾದ್ರೂ ಔಷಧಿ ಒಂದೇ," ಎಂದು ಹೆಂಡತಿ ಬಾಗಿಲು ಹಾಕಿದಳು.