ಟ್ರ್ಯಾಕ್ಟರಿನ ಮೂಗಿಗೆ ಬಣ್ಣ

ಮನುಷ್ಯನಿಗೆ ಅವಮಾನ ಮಾಡಬೇಕೆಂದರೆ ಬೈಯಬೇಕಾಗಿಲ್ಲ, ಮರ್ಯಾದೆ ಮಾಡಿದರೆ ಸಾಕು. ನೀವು ನಗಬಹುದು. ಆದರೆ ಹುಟ್ಟಿದ ಮನೆಯಲ್ಲಿ, ಅಂಬೆಗಾಲಿಟ್ಟ ಪಡಸಾಲೆಯಲ್ಲಿ, ಸ್ವಂತ ಅಣ್ಣನೇ ಕುರ್ಚಿಯ ಧೂಳು ಝಾಡಿಸಿ "ತಮ್ಮಾ, ನೀ ಇಲ್ಲಿ ಕುಂದ್ರು" ಎಂದಾಗ ಆಗುವ ಸಂಕಟ ಕೂತವನಿಗೇ ಗೊತ್ತು. ನಾನು ಕುಷ್ಟಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಹುಲಿಹೈದರದ ಹತ್ತಿರದ ನಮ್ಮೂರಿನಲ್ಲಿ ಹೊಲಮನೆ ನೋಡಿಕೊಂಡಿರುವವನು ಅಣ್ಣ. ಊರಿಗೆ ಹೋದಾಗಲೆಲ್ಲ ನನಗೆ ಬೀಗರ ಉಪಚಾರ. ಮನೆಮಂದಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹಾ, ನನಗೆ ಮಾತ್ರ ಹೂವಿನ ಚಿತ್ರದ ಕಪ್ಪು-ಬಸಿ. ಸಲಿಕೆ ಮುಟ್ಟಿದರೆ ಅತ್ತಿಗೆ ಓಡಿಬಂದು ಕಸಿದುಕೊಳ್ಳುತ್ತಾಳೆ: "ನಿಮಗ್ಯಾಕ್ರಿ ಆ ಕೆಲಸ, ಅಂಗಿ ಹೊಲಸಾಗತೈತಿ." ಅಣ್ಣ ಬಾಯಿಗೆ ಹೆಸರಾದವನು. ಮಕ್ಕಳನ್ನು, ಆಳುಗಳನ್ನು, ಟ್ರ್ಯಾಕ್ಟರನ್ನು, ಮಳೆ ತಡವಾದರೆ ದೇವರನ್ನೂ ಬೈಯುತ್ತಾನೆ. ನನ್ನನ್ನು ಬೈಯುವುದಿಲ್ಲ. ನಮ್ಮ ಕಡೆ ಬೈಸಿಕೊಳ್ಳುವವನು ಮನೆಯವನು, ಬೈಸಿಕೊಳ್ಳದವನು ಬೀಗ. ಈ ಲೆಕ್ಕದಲ್ಲಿ ನೌಕರಿ ಸೇರಿದಂದಿನಿಂದ ನಾನು ನಮ್ಮ ಮನೆಗೇ ಬೀಗನಾಗಿದ್ದೇನೆ.

ಇದಕ್ಕೊಂದು ಕೊನೆ ಕಾಣಿಸಬೇಕೆಂದು ಈ ಸಲ ಕಾರಹುಣ್ಣಿಮೆಗೆ ರಜೆ ಹಾಕಿ ಮುಂಚೆಯೇ ಊರಿಗೆ ಹೋದೆ. ಕಾರಹುಣ್ಣಿಮೆ ಎತ್ತುಗಳ ಹಬ್ಬ. ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಊರ ಅಗಸಿ ಬಾಗಿಲಿಗೆ ಕಟ್ಟಿದ ಬೇವಿನ ತೋರಣವನ್ನು ಅವುಗಳಿಂದ ಹರಿಸುತ್ತಾರೆ. ನಮ್ಮ ಮನೆಯಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಬಹಳ ಕಾಲವಾಯಿತು. ಹಾಗಂತ ಹಬ್ಬ ಬಿಡಲಿಕ್ಕಾಗುತ್ತದೆಯೇ? ಎತ್ತಿಗೆ ಮಾಡುತ್ತಿದ್ದುದನ್ನೆಲ್ಲ ಟ್ರ್ಯಾಕ್ಟರಿಗೇ ಮಾಡುತ್ತೇವೆ. ಮೈ ತೊಳೆಯುತ್ತೇವೆ, ಗೊಂಡೆ ಕಟ್ಟುತ್ತೇವೆ, ಎಡೆ ಹಿಡಿಯುತ್ತೇವೆ. ಕೋಡು ಇಲ್ಲದ್ದರಿಂದ ಬಣ್ಣ ಎಲ್ಲಿ ಹಚ್ಚಬೇಕೆಂಬುದು ಮಾತ್ರ ಅವರವರ ಭಕ್ತಿಗೆ ಬಿಟ್ಟದ್ದು. "ಈ ಸಲ ಬಣ್ಣದ ಕೆಲಸ ನಂದು" ಎಂದೆ. ಅಣ್ಣ ಅತ್ತಿಗೆಯ ಮುಖ ನೋಡಿದ, ಅತ್ತಿಗೆ ಟ್ರ್ಯಾಕ್ಟರಿನ ಮುಖ ನೋಡಿದಳು. "ಆತು, ಮುಂದಿನ ಜಾಲರಿಗಷ್ಟು ಹಚ್ಚಪಾ" ಎಂದು ಹೇಳಿ ಅಣ್ಣ ಬಿತ್ತನೆ ಬೀಜ ತರಲು ಕನಕಗಿರಿಗೆ ಹೋದ.

ನನ್ನ ಕೆಲಸದಲ್ಲಿ ಹುಳುಕು ಹುಡುಕುವವರು ಮೊದಲು ನಾನು ಮಾಡಿಕೊಂಡ ತಯಾರಿ ಕೇಳಬೇಕು. ತುಕ್ಕಿನ ಮೇಲೆಯೇ ಬಣ್ಣ ಎಳೆದು ಚಹಾಕ್ಕೆ ಎದ್ದುಹೋಗುವ ಜಾತಿಯವನಲ್ಲ ನಾನು. ಬಣ್ಣದ ಅಂಗಡಿಯ ಖಾದರಸಾಬ "ಎದಕ್ಕ ಹಚ್ಚತೀರಿ?" ಎಂದ. "ಕಬ್ಬಿಣಕ್ಕ" ಎಂದೆ. ಪಾಲಿಶ್ ಪೇಪರ್, ಥಿನ್ನರ್, ತುಕ್ಕು ಹಿಡಿಯದಂತೆ ಮೊದಲು ಬಳಿಯುವ ರೆಡ್ ಆಕ್ಸೈಡ್, ಹಸಿರು ಬಣ್ಣದ ಡಬ್ಬಿ ಎಲ್ಲ ಕೊಟ್ಟ. ಎಂಥ ಕಬ್ಬಿಣ, ಅದು ಏನು ಕೆಲಸ ಮಾಡುತ್ತದೆ ಎಂದು ಕೇಳುವುದು ಅವನ ಧರ್ಮವಾಗಿತ್ತು. ಕೇಳಲಿಲ್ಲ. ಇಂಥವರಿಂದಲೇ ದೇಶ ಹಾಳಾಗುತ್ತಿರುವುದು. ಜಾಲರಿ ಬಿಚ್ಚಿ, ತುಕ್ಕು ಕೆರೆದು, ಥಿನ್ನರಿನಲ್ಲಿ ಒರೆಸಿ, ರೆಡ್ ಆಕ್ಸೈಡ್ ಬಳಿದು ಬಿಸಿಲಿಗಿಟ್ಟೆ. ಆಗ ಅದರ ಹಿಂದೆ ಇನ್ನೊಂದು ಜಾಲರಿ ಕಂಡಿತು. ಅದೇ ರೇಡಿಯೇಟರ್. ಎಂಜಿನ್ನಿನ ಕಾದ ನೀರು ಅಲ್ಲಿ ಗಾಳಿಗೆ ಆರುತ್ತದೆ, ಅದಕ್ಕೇ ಅಷ್ಟೊಂದು ಸಂದುಗಳು ಎಂದು ಈಗ ಊರಿನ ಕೂಸುಕುನ್ನಿಯೂ ನನಗೆ ಪಾಠ ಹೇಳುತ್ತದೆ. ಆ ಹೊತ್ತಿಗೆ ನನಗೆ ಕಂಡದ್ದು ಧೂಳು, ಹೊಟ್ಟು, ಸತ್ತ ಹುಳು ಮೆತ್ತಿಕೊಂಡು ಯಾರೂ ಹೇಳುವವರು ಕೇಳುವವರಿಲ್ಲದೆ ನಿಂತ ಒಂದು ಬಡಪಾಯಿ ಲೋಹ. ಹಬ್ಬದ ದಿನ ಮೇಲೆ ಹೊಸ ಅಂಗಿ ತೊಟ್ಟು ಒಳಗೆ ಹರಕು ಬನಿಯನ್ ಹಾಕುವುದು ಯಾವ ನ್ಯಾಯ? ನೀರು ಬಿಟ್ಟು ತೊಳೆದೆ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ, ಒಣಗಿಸಿ ರೆಡ್ ಆಕ್ಸೈಡ್ ಹಚ್ಚಿದೆ. ಸಂದುಗಳೆಲ್ಲ ಮುಚ್ಚಿ ಗೋಡೆಯ ಹಾಗೆ ನುಣ್ಣಗಾಗುವವರೆಗೆ ಗಟ್ಟಿ ಹಸಿರು ಬಣ್ಣ ಬಳಿದೆ. ಮುಂದಿನ ಜಾಲರಿಗೂ ಅದೇ ಹಸಿರು ಹಚ್ಚಿದೆ. ಮಾರನೆಯ ದಿನ ಎರಡೂ ಒಣಗಿದ ಮೇಲೆ ಜಾಲರಿ ಕೂಡಿಸಿದೆ. ಆಮೇಲೆ ಕನಕಗಿರಿಯಿಂದ ಬಂದ ಅಣ್ಣ ಹೊರಗಿನ ಮಿರುಗು ನೋಡಿ "ಛಲೋ ಆಗೈತಿ" ಎಂದ. ಬೀಗರಿಗೆ ಹೇಳುವ ಧಾಟಿಯಲ್ಲಲ್ಲ, ನಿಜವಾಗಿಯೂ ಹೇಳಿದ. ನನಗೆ ಬಹಳ ಸಂತೋಷವಾಯಿತು.

ಹುಣ್ಣಿಮೆಯ ಸಂಜೆ ಹಲಗೆ ಬಾರಿಸುವವರ ಹಿಂದೆ ನಮ್ಮ ಟ್ರ್ಯಾಕ್ಟರೇ ಮುಂದು. ಅಣ್ಣ ಓಡಿಸುತ್ತಿದ್ದ, ನಾನು ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು ಊರಿಗೆಲ್ಲ ಕೈಯೆತ್ತುತ್ತಿದ್ದೆ. ಅಗಸಿ ಇನ್ನೇನು ಬಂತು, ತೋರಣ ತಲೆಗೆ ತಾಗುವಷ್ಟು ಹತ್ತಿರ ಬಂತು, ಆಗ ಮುಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಕುದಿವ ನೀರು ಗೊಂಡೆಯ ಮೇಲೆಲ್ಲ ಚಿಮ್ಮಿತು. ಟ್ರ್ಯಾಕ್ಟರ್ ಬಾಗಿಲಿನ ನಟ್ಟನಡುವೆ ನಿಂತುಬಿಟ್ಟಿತು. ಹಿಂದೆ ಊರಿನ ಟ್ರ್ಯಾಕ್ಟರುಗಳೆಲ್ಲ ಸಾಲುಗಟ್ಟಿ ಹಾರ್ನ್ ಬಾರಿಸತೊಡಗಿದವು. ಹಲಗೆ ನಿಂತಿತು. ಯಾರೋ ಜಾಲರಿ ಬಿಚ್ಚಿದರು. ಒಳಗೆ ಹಸಿರು ಗೋಡೆ. ಊರಿಗೆ ಹಿರಿಯನಾದ ನಿಂಗಪ್ಪಜ್ಜ ಬಗ್ಗಿ ನೋಡಿ, ನಿಧಾನವಾಗಿ ಎದ್ದು ನಿಂತು ಹೇಳಿದ: "ನಮ್ಮ ಕಾಲದಾಗ ಎತ್ತಿನ ಕೋಡಿಗೆ ಬಣ್ಣ ಹಚ್ಚತಿದ್ವಿ. ಮೂಗಿಗೆ ಹಚ್ಚತಿದ್ದಿಲ್ಲ." ಅಗಸಿಯ ಕಲ್ಲುಗಳೂ ನಕ್ಕಂತಾಯಿತು. "ಯಾರಪ್ಪಾ ಹಚ್ಚಿದಾಂವ?" ಎಂದು ಅಜ್ಜ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅಣ್ಣ ಹೇಳಿಬಿಟ್ಟ: "ನಾನಽ ಹಚ್ಚೀನಿ ಯಜ್ಜಾ. ಗಡಿಬಿಡಿಯಾಗ ಲಕ್ಷ್ಯ ಆಗಲಿಲ್ಲ."

ನನ್ನ ಸಿಟ್ಟು ಇರುವುದೇ ಇಲ್ಲಿ. ಊರು ನಕ್ಕದ್ದಕ್ಕಲ್ಲ, ಹಬ್ಬ ಕೆಟ್ಟದ್ದಕ್ಕೂ ಅಲ್ಲ. ಈ ಮನೆಯಲ್ಲಿ ನನಗೊಂದು ಸಲಿಕೆ ಕೊಡಲಿಲ್ಲ, ಹೋಗಲಿ. ನನ್ನ ಕೈಯಾರೆ ಬೆವರು ಸುರಿಸಿ ಮಾಡಿದ ತಪ್ಪನ್ನೂ ಕಸಿದುಕೊಳ್ಳುವುದೇ? ಹತ್ತು ಜನ ಸೇರಿ ಟ್ರ್ಯಾಕ್ಟರನ್ನು ಮನೆಗೆ ತಳ್ಳುವಾಗಲಾದರೂ ಅಣ್ಣ ಒಂದು ಕೆಟ್ಟ ಮಾತು ಆಡುತ್ತಾನೇನೋ ಎಂದು ಕಾದೆ. "ತಮ್ಮಾ, ನೀ ಅತ್ತಾಗ ಸರಿ, ಕೈ ನೋವಾಗತಾವ" ಎಂದ. ಅವತ್ತು ಊಟದಲ್ಲಿ ಹೋಳಿಗೆಗೆ ತುಪ್ಪ ಎಲ್ಲರಿಗಿಂತ ನನಗೇ ಹೆಚ್ಚು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಇಬ್ಬರೂ ರೇಡಿಯೇಟರ್ ಮುಂದಿಟ್ಟುಕೊಂಡು ಕೂತೆವು. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಓಣಿಯ ಟ್ರ್ಯಾಕ್ಟರುಗಳೆಲ್ಲ ನಮ್ಮ ಮನೆಯ ಮುಂದಿನಿಂದಲೇ ಬಿತ್ತಲಿಕ್ಕೆ ಹೋಗುತ್ತಿದ್ದವು, ಪ್ರತಿಯೊಬ್ಬನೂ ನಿಂತು "ಬಣ್ಣ ತೆಗಿಯಾಕ ಹತ್ತೀರೇನ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ಅಣ್ಣ ಥಿನ್ನರಿನಲ್ಲಿ ಅದ್ದಿದ ಕಡ್ಡಿಯಿಂದ ಒಂದೊಂದೇ ಸಂದು ಬಿಡಿಸುತ್ತಿದ್ದ, ಆಗಲೂ ನನ್ನನ್ನು ಬೈಯಲಿಲ್ಲ. ಕೆಲಸದ ಮಾತಾದರೂ ಆಡೋಣವೆಂದು ಹೇಳಿದೆ: "ಅಣ್ಣಾ, ಇದೆಲ್ಲಾ ಬಿಟ್ಟಮ್ಯಾಲೆ ತೆಳ್ಳಗ ಸಿಲ್ವರ್ ಬಣ್ಣ ಹಚ್ಚೂಣೇನು?"

ಅಣ್ಣನ ಕೈಯ ಕಡ್ಡಿ ಮುರಿಯಿತು. "ಏ ಮಂಗ್ಯಾ, ತಲಿಯಾಗ ಮಿದುಳೈತೋ ಹೊಟ್ಟು ತುಂಬೈತೋ? ಇಷ್ಟು ಸಾಲಿ ಕಲ್ತು ಕಡೀಕ ಇದಽ ಕಲ್ತಿ ಏನು? ಇನ್ನೊಮ್ಮಿ ಬ್ರಶ್ ಮುಟ್ಟು, ಕೈ ಮುರದು ಒಲ್ಯಾಗ ಇಡತೀನಿ. ಏಳು, ಬಾವಿಗೆ ಹೋಗಿ ಎರಡು ಕೊಡ ನೀರು ತಾ" ಎಂದ. ಓಣಿಗೆಲ್ಲ ಕೇಳಿಸಿತು. ನೌಕರಿ ಸೇರಿದಂದಿನಿಂದ ನಾನು ಕಾದಿದ್ದ ಮಾತು ಇದೇ. ಎದ್ದು ಅವನ ಕಾಲು ಮುಟ್ಟಬೇಕಾಗಿತ್ತು, ಕೊಡವನ್ನಾದರೂ ಮುಟ್ಟಬೇಕಾಗಿತ್ತು. ನನಗೆ ಬಂದದ್ದು ಕೆಂಡದಂಥ ಸಿಟ್ಟು. ಕೈಯಲ್ಲಿದ್ದ ಬಟ್ಟೆ ಒಗೆದು, ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಅಣ್ಣನಿಗೂ ಕೇಳುವಂತೆ ಅಂದೆ:

"ನೋಡ್ರಿ ಅತ್ತಿಗಿ, ಹಬ್ಬಕ್ಕಂತ ಮನಿಗೆ ಬಂದವರ ಕೂಡ ಯಾರರ ಹಿಂಗ ಮಾತಾಡ್ತಾರೇನ್ರಿ?"