ಆಜಿ, ನಾಯಿ ಮತ್ತು ನನ್ನ ಜೇನಹುಟ್ಟು

ಜೇನು ಸಾಕಿದವಗ ಹುಳಾ ಕಚ್ಚೂದು ಇದ್ದದ್ದೇ. ಆದ್ರ ಪುಣೆದಾಗ ಜೇನತುಪ್ಪ ಮಾರಾಕ ನಿಂತ ಮ್ಯಾಲ, ಹುಳಾನೇ ಎಷ್ಟೋ ಪಾಡು ಅನ್ನಿಸ್ತು.

ತೊಂಬತ್ತರ ದಶಕದ ಕೊನೀಗೆ ನಮ್ಮ ಕಾರ್ಖಾನಿ ಮುಚ್ಚಿತ್ತು. ಕಾತ್ರಜ್ ಗುಡ್ಡದ ಬಾಜೂಕ ಇಟ್ಟ ಜೇನ ಪೆಟ್ಟಿಗಿ ಮ್ಯಾಲೇ ಸಂಸಾರ ನಡೀಬೇಕು. ಧನಕವಡಿಯ ನಮ್ಮ ಗಲ್ಲಿಯೊಳಗ ಒಬ್ಬ ಮರಾಠಿ ಆಜಿ ಇದ್ಳು. ಆಕಿ ಹೂಂ ಅಂದ್ರ ಗಲ್ಲಿ ಪೂರಾ ಕೊಳ್ಳತಿತ್ತು, ಊಹೂಂ ಅಂದ್ರ ಮುಗೀತು.

ಬಾಟಲಿ

ಮೊದಲ ಬಾಟಲಿ ಕೊಟ್ಟೆ. ಆಜಿ ತಾನು ಬಾಯಿಗೆ ಹಾಕಲಿಲ್ಲ, ತನ್ನ ನಾಯಿ ಮುಂದ ಒಂದು ಚಮಚ ಸುರುವಿದ್ಳು. ನಾಯಿ ನೆಲಾ ಸಹಿತ ನೆಕ್ಕಿತು.

"ಖರೇ ಜೇನು ನಾಯಿ ಮುಟ್ಟಂಗಿಲ್ಲ, ಮಗಾ. ಇದು ಬೆಲ್ಲದ ಪಾಕ."

ನನ್ನ ತುಪ್ಪಕ್ಕ ನಾಯಿ ಜಡ್ಜ್ ಆಗಿ ಕೂತಿತ್ತು.

ತಂತಿ

ಪಾಕ ಯಾರರೆ ಮಾಡ್ಯಾರು, ಜೇನಹುಟ್ಟು ಮಾಡಾಕ ಬರತದೇನು? ಮೇಣದ ಹುಟ್ಟು ಸಮೇತ ಕೊಯ್ದು ಮಾರೂಣು ಅಂದುಕೊಂಡೆ. ಅವಸರಕ್ಕ ಪೆಟ್ಟಿಗಿಯೊಳಗಿನ ಹಳೇ ಚೌಕಟ್ಟಿನ ಹುಟ್ಟನ್ನೇ ಕೊಯ್ದೆ. ತುಪ್ಪ ತೆಗಿಯೂ ಮಷೀನಿನ್ಯಾಗ ಹುಟ್ಟು ಮುರೀಬಾರ್ದಂತ ಅದಕ್ಕ ತಂತಿ ಬಿಗದಿರ್ತೇವಿ. ಒಂದು ತಂತಿ ತುಂಡು ಒಳಗ ಉಳೀತು. ಆಜಿ ಹಲ್ಲಿನ ಸಂದಿಯಿಂದ ಅದನ್ನ ಎಳದು ನನ್ನ ಕೈಯಾಗಿಟ್ಳು.

"ಹುಳಾ ಇದನ್ನ ಯಾವ ಅಂಗಡ್ಯಾಗ ತಂದ್ವು?"

ನೆಟ್ಟಗ

ಮುಂದಿನ ಹಂಗಾಮಿಗೆ ತಂತಿ ಇಲ್ಲದ ಸಣ್ಣ ಚೌಕಟ್ಟು ಆರಿಸಿದೆ. ಮ್ಯಾಲ ತೆಳ್ಳಗ ಮೇಣದ ಪಟ್ಟಿ ಅಂಟಿಸಿದ್ರ ಹುಳಾ ಅದರ ಗುಂಟ ನೆಟ್ಟಗ ಕಟ್ಟತಾವ. ಕಟ್ಟಿದ್ವು, ನೋಡಿದ್ರ ಕಣ್ಣು ತಂಪು. ಒಯ್ದು ಕೊಟ್ಟೆ, ಆಜಿ ಅತ್ತಿತ್ತ ಹೊಳ್ಳಿಸಿ ನೋಡಿದ್ಳು.

"ಅಚ್ಚಿನ್ಯಾಗ ಹಾಕಿ ತಗದೀ. ಹುಳಾ ಏನು ಗ್ವಾಡಿ ಕಟ್ಟೂ ಗವಂಡಿ ಕೆಲಸ ಕಲತಾವೇನು?"

ನನಗ ಸಿಟ್ಟು ನೆತ್ತಿಗೇರ್ತು. ಹುಳಾ ಚಲೋ ಕೆಲಸ ಮಾಡಿದ್ದೇ ತಪ್ಪಾತು.

ಸೊಟ್ಟ

ಸಿಟ್ಟಿಲೆ ಪಟ್ಟಿ ಹಚ್ಚದ ಚೌಕಟ್ಟು ಇಟ್ಟೆ. ಹುಳಾ ಮನಸಿಗೆ ಬಂದಂಗ ಸೊಟ್ಟ ಸೊಟ್ಟ ಕಟ್ಟಿದ್ವು. ಹಂಗೇ ತಾಟಿನ್ಯಾಗ ಇಟ್ಟು ಒಯ್ದೆ. ಇದಕ್ಕೂ ಊಹೂಂ ಅಂದ್ರ ಪೆಟ್ಟಿಗಿ ಮಾರಿ ಊರಿಗೆ ಹೋಗೂದಂತ ಹೆಂಡತಿಗೆ ಹೇಳಿ ಬಂದಿದ್ದೆ.

ಆಜಿ ಕನ್ನಡಕ ಏರಿಸಿದ್ಳು. "ಸೊಟ್ಟ ಮಾಡೂ ಮಷೀನೂ ಬಂದಿರಬೇಕು," ಅಂದು ನಾಯಿನ್ನ ಕರದ್ಳು.

ನಾಯಿ ಬಾಲ ಅಳ್ಳಾಡಿಸ್ತ ಬಂದು ಮೂಗು ಹಾಕಿತು. ಸೊಟ್ಟ ಸಂದಿಯೊಳಗ ನನಗ ಕಾಣದ ಒಂದು ಹುಳಾ ಉಳದಿತ್ತು, ಮೂಗಿಗೇ ಕಚ್ಚಿತು. ನಾಯಿ ಕುಂಯ್ ಅಂತ ಮಂಚದ ಕೆಳಗ ಹೊಕ್ಕಿತು. ಎಷ್ಟು ಕರದ್ರೂ ಬರಲಿಲ್ಲ.

ಆಜಿ ಬಾಗಿಲಿಗೆ ಬಂದು ಗಲ್ಲಿಗೆಲ್ಲ ಕೇಳೂಹಂಗ ಹೇಳಿದ್ಳು: "ನಾಯಿ ಮುಟ್ಟಲಿಲ್ಲ. ಖರೇ ಜೇನು."

ಅವತ್ತಿನಿಂದ ನನ್ನ ಚೀಲ ಕಂಡ್ರ ಸಾಕು, ನಾಯಿ ಮಂಚದ ಕೆಳಗ. ಅದು ಓಡೂದನ್ನ ನೋಡಿ ಮಂದಿ ಬಾಟಲಿ ತುಪ್ಪಾನೂ ಒಯ್ಯಾಕ ಹತ್ತಿದ್ರು. ಆಜಿ ಬೆಲ್ಲದ ಪಾಕ ಅಂದಿದ್ಳಲ್ಲ, ಅದೇ ಬಾಟಲಿ.